ಡಿಓ-1: ಪಿ53 ನೋಡುವವರ ಫ್ರಿಜ್‌ನಲ್ಲಿ ಇರಲೇಬೇಕಾದ ಆಂಟಿಬಾಡಿ

ಪಿ53 ಮೇಲೆ ಕೆಲಸ ಮಾಡುವ ಲ್ಯಾಬ್ ಅಂದಮೇಲೆ ಅಲ್ಲಿನ ಫ್ರಿಜ್‌ನಲ್ಲಿ ಡಿಓ-1 ಇದ್ದೇ ಇರುತ್ತದೆ ಅನ್ನಬಹುದು. ನಮ್ಮಲ್ಲೂ ಇದೆ. ನಾನು ಬೆಂಗಳೂರಿನ ಒಂದು ಕ್ಯಾನ್ಸರ್ ಬಯಾಲಜಿ ಲ್ಯಾಬ್‌ನಲ್ಲಿ ಪೋಸ್ಟ್‌ಡಾಕ್. ಬಾಯಿ ಕ್ಯಾನ್ಸರ್‌ನಲ್ಲಿ ಪಿ53 ಎಲ್ಲಿ, ಹೇಗೆ ಕೈಕೊಡುತ್ತದೆ ಅಂತ ನೋಡುವುದು ನನ್ನ ಕೆಲಸ. ಪಿಎಚ್‌ಡಿಗೆ ಸೇರಿದ ಹೊಸದರಲ್ಲಿ ಹಿಡಿದ ಈ ಆಂಟಿಬಾಡಿಯನ್ನು ಇವತ್ತಿಗೂ ಬಿಟ್ಟಿಲ್ಲ. ಹೊಸದಾಗಿ ಲ್ಯಾಬ್‌ಗೆ ಬರುವವರು ‘ಪಿ53ಗೆ ಯಾವ ಆಂಟಿಬಾಡಿ ತಗೊಳ್ಳೋದು?’ ಅಂತ ಕೇಳುತ್ತಲೇ ಇರುತ್ತಾರೆ. ದುಡ್ಡು ಹಾಕುವ ಮೊದಲು ಅವರಿಗೆ ಗೊತ್ತಿರಬೇಕಾದದ್ದನ್ನು ಒಂದು ಕಡೆ ಬರೆದಿಡುತ್ತಿದ್ದೇನೆ.

ಈ ಕ್ಷೇತ್ರದವರಲ್ಲದವರೂ ಓದಬಹುದು, ಅದಕ್ಕೆ ಎರಡು ಮಾತು. ಆಂಟಿಬಾಡಿ ಅಂದರೆ ಒಂದು ನಿರ್ದಿಷ್ಟ ಪ್ರೋಟೀನ್‌ಗೆ ಹೋಗಿ ಅಂಟುವ ಇನ್ನೊಂದು ಪ್ರೋಟೀನ್; ಸ್ಯಾಂಪಲ್‌ನಲ್ಲಿ ಅದು ಇದೆಯಾ ಅಂತ ಪತ್ತೆಹಚ್ಚಲು ಬಳಸುತ್ತೇವೆ. ಜೀವಕೋಶದ ಡಿಎನ್‌ಎಗೆ ಪೆಟ್ಟು ಬಿದ್ದಾಗ ಪಿ53 ಪ್ರೋಟೀನ್ ಏರುತ್ತದೆ. ಕೋಶ ಎರಡಾಗುವುದನ್ನು ತಡೆದು ರಿಪೇರಿಗೆ ಸಮಯ ಕೊಡುತ್ತದೆ. ರಿಪೇರಿ ಆಗುವ ಹಾಗಿಲ್ಲ ಅಂದರೆ ಆ ಕೋಶವನ್ನೇ ಸಾಯಿಸುತ್ತದೆ. ಮನುಷ್ಯರಿಗೆ ಬರುವ ಕ್ಯಾನ್ಸರ್‌ಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಇದರ ಜೀನ್ ಕೆಟ್ಟಿರುತ್ತದೆ. 1979ರಲ್ಲಿ ಇದು ಸಿಕ್ಕಾಗ ಎಲ್ಲರೂ ಇದನ್ನು ಕ್ಯಾನ್ಸರ್ ಬೆಳೆಸುವ ಪ್ರೋಟೀನ್ ಅಂದುಕೊಂಡಿದ್ದರು. ಆಗ ಲ್ಯಾಬ್‌ಗಳಲ್ಲಿ ಓಡಾಡುತ್ತಿದ್ದ ಜೀನ್ ಪ್ರತಿಗಳಲ್ಲಿ ಹೆಚ್ಚಿನವು ಕೆಟ್ಟ ಪ್ರತಿಗಳೇ ಆಗಿದ್ದವು. ಅದು ತಿಳಿದು, ಇದು ಕ್ಯಾನ್ಸರ್ ತಡೆಯುವ ಪ್ರೋಟೀನ್ ಅಂತ ಖಚಿತವಾಗುವಾಗ 1989 ಬಂದಿತ್ತು. ಹತ್ತು ವರ್ಷ! ಇದನ್ನು ನೆನಪಿಸಿಕೊಂಡಾಗಲೆಲ್ಲ, ಕೈಯಲ್ಲಿರುವ ಸಾಮಾನು ಏನು ಅಂತ ಸರಿಯಾಗಿ ತಿಳಿದುಕೊಳ್ಳದೆ ಪ್ರಯೋಗ ಮಾಡಬಾರದು ಅನ್ನಿಸುತ್ತದೆ.

ಡಿಓ-1 ಇಲಿಯಿಂದ ಬಂದ ಮೊನೊಕ್ಲೋನಲ್ ಆಂಟಿಬಾಡಿ, ಅಂದರೆ ಒಂದೇ ಕೋಶದ ಸಂತತಿ (ಕ್ಲೋನ್) ತಯಾರಿಸುವ, ಎಲ್ಲವೂ ಒಂದೇ ಥರ ಇರುವ ಆಂಟಿಬಾಡಿ. ಬೊರಿವೊಯ್ ವೊಯ್ಟೆಶೆಕ್, ಡೇವಿಡ್ ಲೇನ್ ಮತ್ತು ಜೊತೆಗಾರರು 1992ರಲ್ಲಿ ಇದರ ವಿವರ ಪ್ರಕಟಿಸಿದರು. ಈಗ ಹಲವು ಕಂಪನಿಗಳು ಇದೇ ಕ್ಲೋನ್ ಮಾರುತ್ತವೆ. ಹಾಗಾಗಿ ಕಂಪನಿಯ ಹೆಸರಿಗಿಂತ ಮೊದಲು ಡಬ್ಬಿಯ ಮೇಲೆ ಕ್ಲೋನ್ ಯಾವುದು ಅಂತ ನೋಡಿ. ಬರೀ ‘ಪಿ53 ಆಂಟಿಬಾಡಿ’ ಅಂತ ಬರೆದು, ಪ್ರೋಟೀನ್‌ನ ಯಾವ ಜಾಗಕ್ಕೆ ಅಂಟುತ್ತದೆ ಅಂತ ಹೇಳದ ಸಾಮಾನನ್ನು ನಾನಂತೂ ಕೊಳ್ಳುವುದಿಲ್ಲ.

ಡಿಓ-1 ನನಗೆ ಇಷ್ಟವಾಗುವುದೇ ಈ ಕಾರಣಕ್ಕೆ. ಇದು ಎಲ್ಲಿ ಅಂಟುತ್ತದೆ ಅನ್ನುವುದರಲ್ಲಿ ಗೊಂದಲವೇ ಇಲ್ಲ. ಪ್ರೋಟೀನ್ ಅಂದರೆ ಅಮೈನೋ ಆಮ್ಲಗಳ ಸರಪಳಿ; ಮನುಷ್ಯರ ಪಿ53ರಲ್ಲಿ ಅಂಥವು 393 ಇವೆ. ಡಿಓ-1 ಹಿಡಿಯುವುದು ಶುರುವಿನ ತುದಿಯ ಹತ್ತಿರ, 20ರಿಂದ 25ರವರೆಗಿನ ಆರನ್ನು ಮಾತ್ರ: ಸೆರೀನ್, ಆಸ್ಪಾರ್ಟೇಟ್, ಲ್ಯೂಸೀನ್, ಟ್ರಿಪ್ಟೊಫಾನ್, ಲೈಸೀನ್, ಲ್ಯೂಸೀನ್. ಈ ಆರರ ಹೆಸರನ್ನು ನೋಟ್‌ಬುಕ್‌ನ ಮೊದಲ ಪುಟದಲ್ಲಿ ಬರೆದುಕೊಳ್ಳಿ ಅಂತ ಜೂನಿಯರ್‌ಗಳಿಗೆ ಹೇಳುತ್ತೇನೆ. ಈ ಆಂಟಿಬಾಡಿಯ ಒಳ್ಳೆಯ ಗುಣ, ಮಿತಿ ಎರಡೂ ಈ ಆರರಿಂದಲೇ ಬರುತ್ತವೆ.

ಮೊದಲು ಒಳ್ಳೆಯ ಗುಣ. ವೆಸ್ಟರ್ನ್ ಬ್ಲಾಟ್ ಅಂದರೆ ಕೋಶದ ಪ್ರೋಟೀನ್‌ಗಳನ್ನು ಜೆಲ್‌ನಲ್ಲಿ ಗಾತ್ರದ ಪ್ರಕಾರ ಬೇರೆ ಮಾಡಿ, ಮೆಂಬ್ರೇನ್‌ಗೆ ಇಳಿಸಿ, ಬೇಕಾದದ್ದನ್ನು ಆಂಟಿಬಾಡಿಯಿಂದ ಒಂದು ಪಟ್ಟಿಯಾಗಿ (ಬ್ಯಾಂಡ್) ಕಾಣಿಸುವ ವಿಧಾನ. ಅದರಲ್ಲಿ ಇಷ್ಟು ಚೊಕ್ಕವಾದ ಬ್ಯಾಂಡ್ ಕೊಡುವ ಆಂಟಿಬಾಡಿ ಕಡಿಮೆ. ಕುದಿಸಿ, ಎಸ್‌ಡಿಎಸ್ ಅನ್ನುವ ಸೋಪಿನಂಥ ರಾಸಾಯನಿಕ ಹಾಕಿ ಪ್ರೋಟೀನ್‌ನ ಆಕಾರ ಪೂರ್ತಿ ಬಿಚ್ಚಿದ ಮೇಲೂ ಆ ಆರು ಅಮೈನೋ ಆಮ್ಲಗಳು ಸಾಲಾಗಿ ಹಾಗೇ ಇರುತ್ತವೆ. ಆದ್ದರಿಂದ ಇದರ ಹಿಡಿತ ತಪ್ಪುವುದಿಲ್ಲ. ನಾನು 20ರಿಂದ 30 ಮೈಕ್ರೋಗ್ರಾಂ ಪ್ರೋಟೀನ್ ಹಾಕಿ, 10% ಜೆಲ್ ಓಡಿಸಿ, ಪಿವಿಡಿಎಫ್ ಮೆಂಬ್ರೇನ್‌ಗೆ ಇಳಿಸುತ್ತೇನೆ. ಕೆನೆ ತೆಗೆದ ಹಾಲಿನ ಪುಡಿ 5% ಹಾಕಿ ಬ್ಲಾಕ್ ಮಾಡುತ್ತೇನೆ, ಅಂದರೆ ಮೆಂಬ್ರೇನ್‌ನ ಖಾಲಿ ಜಾಗ ಮುಚ್ಚುತ್ತೇನೆ. ಡಿಓ-1 1:1000 ಪ್ರಮಾಣದಲ್ಲಿ, ರಾತ್ರಿಯಿಡೀ 4 ಡಿಗ್ರಿಯಲ್ಲಿ. ಬೆಳಿಗ್ಗೆ ಟಿಬಿಎಸ್‌ಟಿ ದ್ರಾವಣದಲ್ಲಿ ಮೂರು ಸಲ ತೊಳೆದು, ಸೆಕೆಂಡರಿ (ಡಿಓ-1ಅನ್ನು ಹಿಡಿಯುವ, ಎಚ್‌ಆರ್‌ಪಿ ಅನ್ನುವ ಕಿಣ್ವ ಜೋಡಿಸಿದ ಎರಡನೇ ಆಂಟಿಬಾಡಿ) ಹಾಕಿ, ಇಸಿಎಲ್, ಅಂದರೆ ಆ ಕಿಣ್ವದಿಂದ ಬೆಳಕು ಹೊಮ್ಮಿಸುವ ದ್ರಾವಣ. ಇಷ್ಟೇ. ಬೇರೆ ಕಸರತ್ತು ಬೇಕಾಗುವುದಿಲ್ಲ.

ಬ್ಯಾಂಡ್ ಹುಡುಕಬೇಕಾದ್ದು 53 ಕಿಲೋಡಾಲ್ಟನ್ (ಪ್ರೋಟೀನ್ ತೂಕದ ಅಳತೆ) ಹತ್ತಿರ. ಲೆಕ್ಕ ಹಾಕಿದರೆ ಪಿ53ರ ನಿಜವಾದ ತೂಕ 44ರ ಆಸುಪಾಸು ಬರುತ್ತದೆ. ಅದರಲ್ಲಿ ಪ್ರೋಲೀನ್ ತುಂಬಿರುವ ಒಂದು ಭಾಗವಿದೆ. ಅದರಿಂದಾಗಿ ಜೆಲ್‌ನಲ್ಲಿ ನಿಧಾನವಾಗಿ ಇಳಿದು, ಇರುವುದಕ್ಕಿಂತ ಭಾರವಾಗಿ ಕಾಣುತ್ತದೆ. ಡೇಟಾಬೇಸ್‌ನಲ್ಲಿ 44 ಅಂತ ನೋಡಿಕೊಂಡು ಬಂದ ಹುಡುಗರು ಬ್ಯಾಂಡ್ ತಪ್ಪು ಜಾಗದಲ್ಲಿದೆ ಅಂತ ಗಾಬರಿಯಾಗುತ್ತಾರೆ. ಗಾಬರಿ ಬೇಡ.

ಆಂಟಿಬಾಡಿಯ ಹೊಸ ವಯಲ್ (ಪುಟ್ಟ ಬಾಟಲಿ) ಬಂದಾಗಲೆಲ್ಲ ನಾನು ಮಾಡುವ ಒಂದು ಪರೀಕ್ಷೆ ಇದೆ. ಒಂದೇ ಜೆಲ್, ಆರು ಲೇನ್, ಅಂದರೆ ಅಕ್ಕಪಕ್ಕ ಆರು ಸ್ಯಾಂಪಲ್. ಮೊದಲ ಲೇನ್‌ನಲ್ಲಿ ಎಚ್‌ಸಿಟಿ116, ಅಂದರೆ ದೊಡ್ಡ ಕರುಳಿನ ಕ್ಯಾನ್ಸರ್ ಕೋಶ, ಏನೂ ಔಷಧಿ ಹಾಕದ್ದು. ಎರಡನೆಯದರಲ್ಲಿ ಅದೇ ಕೋಶ, ಡಾಕ್ಸೊರುಬಿಸಿನ್ ಹಾಕಿ ಡಿಎನ್‌ಎಗೆ ಪೆಟ್ಟು ಕೊಟ್ಟದ್ದು. ಮೂರು ಮತ್ತು ನಾಲ್ಕರಲ್ಲಿ ಪಿ53 ತೆಗೆದುಹಾಕಿದ ಎಚ್‌ಸಿಟಿ116, ಔಷಧಿ ಇಲ್ಲದೆ ಮತ್ತು ಔಷಧಿ ಹಾಕಿ. ಇದನ್ನು ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಬರ್ಟ್ ವೋಗಲ್‌ಸ್ಟೈನ್ ಅವರ ಲ್ಯಾಬ್‌ನಲ್ಲಿ ಮಾಡಿದ್ದು, 1998ರಲ್ಲಿ ಪ್ರಕಟವಾಯಿತು. ಐದನೆಯದು ಎಚ್1299, ಶ್ವಾಸಕೋಶದ ಕೋಶ. ಇದರಲ್ಲಿ ಪಿ53 ಜೀನ್‌ನ ಒಂದು ಭಾಗವೇ ಬಿದ್ದುಹೋಗಿದ್ದು ಪ್ರೋಟೀನ್ ಬರುವುದಿಲ್ಲ. ಆರನೆಯದು ಎಂಡಿಎ-ಎಂಬಿ-468, ಸ್ತನ ಕ್ಯಾನ್ಸರ್ ಕೋಶ. ಇದರ ಪಿ53ರಲ್ಲಿ 273ನೇ ಜಾಗದ ಆರ್ಜಿನೀನ್ ಹೋಗಿ ಹಿಸ್ಟಿಡೀನ್ ಬಂದಿದೆ.

ಕಂಪ್ಯೂಟರ್ ಪರದೆಯ ಮೇಲೆ ಚಿತ್ರ ಮೂಡುವಾಗ ನೋಡಬೇಕು. ಒಂದನೇ ಲೇನ್‌ನಲ್ಲಿ ಪೆನ್ಸಿಲ್‌ನಲ್ಲಿ ಎಳೆದಷ್ಟು ತೆಳು ಗೆರೆ. ಎರಡನೆಯದರಲ್ಲಿ ದಪ್ಪ ಕಪ್ಪು ಪಟ್ಟಿ. ಮೂರು, ನಾಲ್ಕು, ಐದು ಪೂರ್ತಿ ಖಾಲಿ. ಆರನೆಯದಕ್ಕೆ ಯಾವ ಔಷಧಿಯನ್ನೂ ಹಾಕಿಲ್ಲ, ಆದರೂ ಎಲ್ಲಕ್ಕಿಂತ ಕಪ್ಪು. ಈ ಮೂರು ಖಾಲಿ ಲೇನ್‌ಗಳಿಗೇ ನಾನು ದುಡ್ಡು ಕೊಡುವುದು ಅಂದರೂ ಸರಿ. ಪ್ರೋಟೀನ್ ಇಲ್ಲದ ಕಡೆ ಸುಮ್ಮನಿರುವ ಆಂಟಿಬಾಡಿಯನ್ನು ಮಾತ್ರ ನಂಬಬಹುದು. ಇಷ್ಟು ವರ್ಷದಲ್ಲಿ ಡಿಓ-1 ಆ 53ರ ಜಾಗದಲ್ಲಿ ಸುಳ್ಳು ಬ್ಯಾಂಡ್ ತೋರಿಸಿದ್ದು ನಾನು ಕಂಡಿಲ್ಲ.

ಔಷಧಿ ಹಾಕದ ಕೋಶದಲ್ಲಿ ಗೆರೆ ಅಷ್ಟು ತೆಳು ಯಾಕೆ ಅಂದರೆ, ಅಲ್ಲಿ ಪಿ53 ಹುಟ್ಟುತ್ತಿದ್ದಂತೆ ಸಾಯುತ್ತಿರುತ್ತದೆ. ಎಂಡಿಎಂ2 ಅನ್ನುವ ಇನ್ನೊಂದು ಪ್ರೋಟೀನ್ ಇದಕ್ಕೆ ಯುಬಿಕ್ವಿಟಿನ್ ಅನ್ನುವ ಗುರುತು ಅಂಟಿಸಿ, ಒಡೆದುಹಾಕಲು ಪ್ರೊಟಿಯಾಸೋಮ್ ಅನ್ನುವ ಕೋಶದ ಯಂತ್ರಕ್ಕೆ ಕಳಿಸುತ್ತದೆ. ಪಿ53ರ ಅರ್ಧಾಯುಷ್ಯ ಆಗ ಬರೀ 20 ನಿಮಿಷದ ಆಸುಪಾಸು. ಡಿಎನ್‌ಎಗೆ ಪೆಟ್ಟು ಬಿದ್ದರೆ ಈ ಹಿಡಿತ ಸಡಿಲವಾಗಿ ಪಿ53 ಉಳಿದುಕೊಳ್ಳುತ್ತದೆ. ಉಳಿದ ಪಿ53 ಹೋಗಿ ಪಿ21 ಜೀನ್ ಎಬ್ಬಿಸುತ್ತದೆ, ಎಂಡಿಎಂ2 ಜೀನನ್ನೂ ಎಬ್ಬಿಸುತ್ತದೆ. ಪಿ21 ಕೋಶ ಎರಡಾಗುವುದನ್ನು ನಿಲ್ಲಿಸುತ್ತದೆ. ಎಂಡಿಎಂ2 ತಿರುಗಿ ಬಂದು ಪಿ53ಅನ್ನೇ ಇಳಿಸುತ್ತದೆ. ಎಷ್ಟು ಚೆನ್ನಾದ ವ್ಯವಸ್ಥೆ ಅಲ್ವಾ? ಇಷ್ಟು ವರ್ಷ ಓದಿದರೂ ನನಗೆ ಇದು ಹಳೆಯದಾಗಿಲ್ಲ.

ಈಗ ಆರನೇ ಲೇನ್. ಹೊಸಬರು ಬಹಳ ಜನ ಎಡವುವುದು ಇಲ್ಲೇ. ಹೋದ ಬ್ಯಾಚ್‌ನ ಒಬ್ಬ ಹುಡುಗ ಬ್ಲಾಟ್ ಹಿಡಿದುಕೊಂಡು ಓಡಿಬಂದ. ‘ಅಕ್ಕಾ, ಈ ಸ್ಯಾಂಪಲ್‌ನಲ್ಲಿ ಪಿ53 ಎಷ್ಟು ಜಾಸ್ತಿ ಇದೆ ನೋಡಿ. ಅಂದ್ರೆ ಇದ್ರಲ್ಲಿ ಚೆನ್ನಾಗಿ ಕೆಲಸ ಮಾಡ್ತಿದೆ ಅಲ್ವಾ?’ ಅಂದ. ‘ಇಲ್ಲ ಕಣೋ, ಅದೇ ಮೆಂಬ್ರೇನ್‌ನ ಕೆಳಗಿನ ತುಂಡಲ್ಲಿ ಪಿ21 ನೋಡು’ ಅಂದೆ. ನೋಡಿದರೆ ಪಿ21 ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ.

273ರಲ್ಲಿ ಕೆಟ್ಟ ಪಿ53 ಡಿಎನ್‌ಎಯನ್ನು ಸರಿಯಾಗಿ ಹಿಡಿಯಲಾರದು. ಹಿಡಿಯದಿದ್ದರೆ ಎಂಡಿಎಂ2 ಜೀನ್ ಏಳುವುದಿಲ್ಲ. ಎಂಡಿಎಂ2 ಸಾಲದೆ ಹೋದಾಗ ಕೆಟ್ಟ ಪಿ53 ಒಡೆದುಹೋಗದೆ ಗುಡ್ಡೆ ಬೀಳುತ್ತದೆ. ಬ್ಯಾಂಡ್ ಅಷ್ಟು ಕಪ್ಪಾಗುವುದಕ್ಕೆ ಇದೂ ಒಂದು ದೊಡ್ಡ ಕಾರಣ. ಡಿಓ-1 ಹಿಡಿಯುವ ಆರು ಅಮೈನೋ ಆಮ್ಲಗಳು 273ರಿಂದ ಬಹಳ ದೂರದಲ್ಲಿವೆ. ಹಾಗಾಗಿ ಒಳ್ಳೆಯ ಪಿ53, ಕೆಟ್ಟ ಪಿ53 ಎರಡೂ ಅದಕ್ಕೆ ಒಂದೇ. ಕ್ಲಾಸಿನಲ್ಲಿ ಹಾಜರಿ ಕೂಗಿದ ಹಾಗೆ: ಯಾರು ಬಂದಿದ್ದಾರೆ ಅಂತ ಗೊತ್ತಾಗುತ್ತದೆ, ಯಾರು ಓದುತ್ತಿದ್ದಾರೆ ಅಂತ ಗೊತ್ತಾಗುವುದಿಲ್ಲ. ಇದನ್ನು ಆಂಟಿಬಾಡಿಯ ದೋಷ ಅನ್ನಲು ನನಗೆ ಮನಸ್ಸಿಲ್ಲ. ಆದರೆ ಪಿ21 ಬ್ಲಾಟ್ ಇಲ್ಲದೆ ಬರೀ ಡಿಓ-1 ಬ್ಯಾಂಡ್ ತೋರಿಸಿ ‘ಪಿ53 ದಾರಿ ಚಾಲೂ ಇದೆ’ ಅಂತ ಬರೆದ ಪೋಸ್ಟರ್ ನೋಡಿದರೆ ಬೇಜಾರಾಗುತ್ತದೆ.

ನಾವು ನೋಡುವ ಬಾಯಿ ಕ್ಯಾನ್ಸರ್ ಸ್ಯಾಂಪಲ್‌ಗಳಲ್ಲಿ ಈ ವಿಷಯ ಇನ್ನೂ ಮುಖ್ಯ. ತಂಬಾಕು, ಗುಟ್ಕಾ, ಅಡಿಕೆಯಿಂದ ಬರುವ ಈ ಕ್ಯಾನ್ಸರ್‌ಗಳಲ್ಲಿ ಪಿ53 ಜೀನ್ ಕೆಟ್ಟಿರುವುದು ತುಂಬಾ ಸಾಮಾನ್ಯ. ನಾನು ಮಲೆನಾಡಿನ ಅಡಿಕೆ ತೋಟದ ಮನೆಯವಳು. ಅಡಿಕೆ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಏಜೆನ್ಸಿ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಹೇಳಿದೆ. ಊರಿಗೆ ಹೋದಾಗ ಇದನ್ನು ಹೇಳುವುದು ಸುಲಭವಲ್ಲ, ಆದರೂ ಹೇಳುತ್ತೇನೆ. ನಮ್ಮ ಬ್ಲಾಟ್‌ಗಳಲ್ಲಿ ಕೆಲವು ಗಡ್ಡೆಗಳ ಪಿ53 ಬ್ಯಾಂಡ್ ತುಂಬಾ ಕಪ್ಪು. ಇನ್ನು ಕೆಲವದರಲ್ಲಿ ಬ್ಯಾಂಡೇ ಇಲ್ಲ. ಈ ಖಾಲಿ ಲೇನ್ ನೋಡಿ ‘ಇದರಲ್ಲಿ ತೊಂದರೆ ಇಲ್ಲ’ ಅನ್ನಬೇಡಿ. ಜೀನ್ ನಡುವೆಯೇ ತುಂಡಾಗಿ ಪ್ರೋಟೀನ್ ತಯಾರಾಗದೆ ಹೋದರೂ ಲೇನ್ ಹೀಗೇ ಖಾಲಿ ಇರುತ್ತದೆ. ಪೆಥಾಲಜಿಯವರು ಡಿಓ-7 ಅನ್ನುವ ಕ್ಲೋನ್ ಹೆಚ್ಚು ಬಳಸುತ್ತಾರೆ, ಅದು ಹಿಡಿಯುವುದೂ ಇದೇ ಜಾಗವನ್ನು. ಗಡ್ಡೆಯ ತೆಳು ಪದರದಲ್ಲಿ ಎಲ್ಲಾ ಕೋಶ ಗಾಢವಾಗಿ ಬಣ್ಣ ಹಿಡಿದರೂ ಅವರಿಗೆ ಅನುಮಾನ, ಒಂದೂ ಬಣ್ಣ ಹಿಡಿಯದಿದ್ದರೂ ಅನುಮಾನ. ಅಲ್ಲಲ್ಲಿ ಒಂದಷ್ಟು, ಹೆಚ್ಚುಕಡಿಮೆ ಬಣ್ಣ ಹಿಡಿದರೆ ಅದು ಸಾಮಾನ್ಯ ಪಿ53ರ ಲಕ್ಷಣ.

ಗರ್ಭಕೊರಳಿನ ಕ್ಯಾನ್ಸರ್ ಕೋಶಗಳಲ್ಲಿ ಕಥೆ ಬೇರೆ. ಹೀಲಾ ಕೋಶದಲ್ಲಿ ಪಿ53 ಜೀನ್ ಸರಿಯಾಗಿದೆ. ಆದರೆ ಅದರೊಳಗಿರುವ ಎಚ್‌ಪಿವಿ-18 ವೈರಸ್‌ನ ಇ6 ಪ್ರೋಟೀನ್, ಪಿ53ಅನ್ನು ಒಡೆಸಿಹಾಕುತ್ತದೆ. ಡಿಓ-1 ಹಾಕಿದರೆ ಬ್ಯಾಂಡ್ ತೀರಾ ತೆಳು. ಹೀಲಾ ಸುಲಭವಾಗಿ ಸಿಗುತ್ತದೆ ಅಂತ ಅದನ್ನೇ ಪಾಸಿಟಿವ್ ಕಂಟ್ರೋಲ್ (ಬ್ಯಾಂಡ್ ಬಂದೇ ಬರಬೇಕಾದ ಸ್ಯಾಂಪಲ್) ಮಾಡಿಕೊಳ್ಳಬೇಡಿ.

ಇನ್ನು ಮಿತಿಗಳು. ಇವೂ ಅದೇ ಆರು ಅಮೈನೋ ಆಮ್ಲಗಳಿಂದ ಬರುತ್ತವೆ ಅಂದೆನಲ್ಲ.

ಮೊದಲನೆಯದು ಇಲಿ. ಇಲಿಯ ಪಿ53ರಲ್ಲಿ ಇದೇ ಜಾಗದಲ್ಲಿ ಆಸ್ಪಾರ್ಟೇಟ್ ಬದಲು ಗ್ಲೈಸೀನ್ ಇದೆ. ಉಳಿದ ಐದು ಹಾಗೇ. ಆ ಒಂದು ಅಮೈನೋ ಆಮ್ಲ ಬದಲಾಗಿದ್ದಕ್ಕೇ ಡಿಓ-1 ಇಲಿಯ ಪಿ53ಅನ್ನು ಗುರುತಿಸುವುದಿಲ್ಲ. ಯೋಚಿಸಿದರೆ ಇದು ಸಹಜ. ಈ ಆಂಟಿಬಾಡಿ ಹುಟ್ಟಿದ್ದೇ ಇಲಿಯ ದೇಹದಲ್ಲಿ. ತನ್ನ ಪ್ರೋಟೀನ್‌ನಂತೆಯೇ ಇರುವುದರ ಮೇಲೆ ಅದು ಸುಮ್ನೆ ಆಂಟಿಬಾಡಿ ಮಾಡುವುದಿಲ್ಲ. ಇಲಿಯ ಕೋಶ, ಇಲಿಯ ಅಂಗಾಂಶದ ಮೇಲೆ ಕೆಲಸ ಮಾಡುವವರು ಇಲಿಯ ಪಿ53 ಹಿಡಿಯುವ ಸಿಎಂ5 ಥರದ ಆಂಟಿಬಾಡಿ ತೆಗೆದುಕೊಳ್ಳಿ. ಮನುಷ್ಯರ ಗಡ್ಡೆಯನ್ನು ಇಲಿಯಲ್ಲಿ ಬೆಳೆಸುವವರಿಗೆ ಮಾತ್ರ ಇದೇ ಅನುಕೂಲ. ಇಲಿಯ ಪಿ53 ನಡುವೆ ಬಂದು ಲೆಕ್ಕ ಕೆಡಿಸುವುದಿಲ್ಲ.

ಎರಡನೆಯದು ಸೆರೀನ್ 20. ಆರರಲ್ಲಿ ಮೊದಲನೆಯದೇ ಅದು. ಡಿಎನ್‌ಎ ಪೆಟ್ಟಿನ ನಂತರ ಅದರ ಮೇಲೆ ಫಾಸ್ಫೇಟ್ ಕೂರಬಹುದು. ಕೂತರೆ ಡಿಓ-1ಗೆ ಅಲ್ಲಿ ಹಿಡಿತ ಸಿಗುವುದಿಲ್ಲ. ಅಂದರೆ ಪಿ53 ಎಷ್ಟು ಏರಿತು ಅಂತ ಅಳೆಯಲು ಹೊರಟ ಹೊತ್ತಿನಲ್ಲೇ ಒಂದಷ್ಟು ಪಾಲು ಕಣ್ಣಿಗೆ ಬೀಳದೆ ಹೋಗಬಹುದು. ಸಾಮಾನ್ಯ ಬ್ಲಾಟ್‌ನಲ್ಲಿ ಇದರಿಂದ ನನ್ನ ಉತ್ತರ ತಲೆಕೆಳಗಾಗಿಲ್ಲ. ಆದರೆ ಪೆಟ್ಟಿನ ನಂತರದ ಗಂಟೆಗಳಲ್ಲಿ ಎಷ್ಟು ಪಟ್ಟು ಏರಿತು ಅಂತ ಅಂಕಿ ಹೇಳಬೇಕಾದಾಗ, ಬೇರೆ ಜಾಗ ಹಿಡಿಯುವ ಇನ್ನೊಂದು ಆಂಟಿಬಾಡಿಯಿಂದಲೂ ಬ್ಲಾಟ್ ಮಾಡುತ್ತೇನೆ. ಪಿಎಬಿ1801 ನಮ್ಮಲ್ಲಿದೆ, ಅದನ್ನೇ ಬಳಸುತ್ತೇನೆ.

ಮೂರನೆಯದು ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು. ಎಂಡಿಎಂ2 ಪಿ53ಅನ್ನು ಹಿಡಿಯುವುದು 19, 23, 26ನೇ ಜಾಗದ ಮೂರು ಅಮೈನೋ ಆಮ್ಲಗಳಿಂದ. 1996ರಲ್ಲಿ ಇದರ ಸ್ಫಟಿಕ ರಚನೆ ಬಂದಾಗ ಇದು ಸ್ಪಷ್ಟವಾಗಿ ಕಂಡಿತು. ಡಿಓ-1 ಹಿಡಿಯುವುದು 20ರಿಂದ 25. ಎರಡೂ ಒಂದೇ ಜಾಗಕ್ಕೆ ಕೈ ಹಾಕುತ್ತವೆ. ಎಂಡಿಎಂ2 ಅಂಟಿಕೊಂಡಿರುವ ಪಿ53ಅನ್ನು ಡಿಓ-1ರಿಂದ ಎಳೆದು ತೆಗೆಯುತ್ತೇನೆ ಅಂತ ಇಮ್ಯುನೊಪ್ರೆಸಿಪಿಟೇಶನ್‌ಗೆ ಹೊರಟರೆ ಎಂಡಿಎಂ2 ಕಾಣದೆ ಹೋಗಬಹುದು. ಆಗ ‘ಇವೆರಡೂ ಅಂಟಿಕೊಂಡಿಲ್ಲ’ ಅನ್ನುವ ತಪ್ಪು ತೀರ್ಮಾನಕ್ಕೆ ಬರುವುದು ತುಂಬಾ ಸುಲಭ. ಈ ಕೆಲಸಕ್ಕೆ ಬಾಲದ ತುದಿ ಹಿಡಿಯುವ ಪಿಎಬಿ421 ಥರದ ಆಂಟಿಬಾಡಿ ಬೇಕು, ಅಥವಾ ಎಂಡಿಎಂ2 ಕಡೆಯಿಂದ ಎಳೆಯಬೇಕು.

ಡಿಓ-1ರಿಂದ ಎಳೆದು ಮತ್ತೆ ಡಿಓ-1ರಿಂದಲೇ ಬ್ಲಾಟ್ ಮಾಡುವವರಿಗೆ ಇನ್ನೊಂದು ತೊಡಕಿದೆ. ಆಂಟಿಬಾಡಿಯ ದೊಡ್ಡ ಸರಪಳಿ ಜೆಲ್‌ನಲ್ಲಿ 50ರ ಹತ್ತಿರ ನಿಲ್ಲುತ್ತದೆ, ಪಿ53 ನಿಲ್ಲುವುದು 53ರಲ್ಲಿ. ಸೆಕೆಂಡರಿ ಆಂಟಿಬಾಡಿ ಎರಡನ್ನೂ ತೋರಿಸಿ ಎಲ್ಲ ಒಂದೇ ಕಪ್ಪು ಮುದ್ದೆ ಆಗುತ್ತದೆ. ಮೊಲದಿಂದ ಬಂದ ಪಿ53 ಆಂಟಿಬಾಡಿಯಿಂದ ಬ್ಲಾಟ್ ಮಾಡಿ. ಇಲ್ಲವೇ ಎಚ್‌ಆರ್‌ಪಿ ನೇರವಾಗಿ ಜೋಡಿಸಿರುವ ಡಿಓ-1 ಸಿಗುತ್ತದೆ, ಅದಾದರೆ ಸೆಕೆಂಡರಿ ಬೇಡವೇ ಬೇಡ.

ಪಿ53ರ ಗಿಡ್ಡ ರೂಪಗಳ ಮೇಲೆ ಕೆಲಸ ಮಾಡುವವರಿಗೂ ಒಂದು ಮಾತು. ಡೆಲ್ಟಾ40, ಡೆಲ್ಟಾ133 ಅನ್ನುವ ರೂಪಗಳಲ್ಲಿ ಶುರುವಿನ ತುದಿಯೇ ಇರುವುದಿಲ್ಲ. ಅವು ಎಷ್ಟೇ ಇದ್ದರೂ ಡಿಓ-1ಗೆ ಕಾಣುವುದಿಲ್ಲ.

ಬೆಲೆಯ ವಿಷಯ. ನೂರಿನ್ನೂರು ಮೈಕ್ರೋಗ್ರಾಂನ ಪುಟ್ಟ ವಯಲ್‌ಗೆ ಹತ್ತಾರು ಸಾವಿರ ರೂಪಾಯಿ. ಹೊರದೇಶದಿಂದ ಬರಬೇಕಾದರೆ ಕಾಯುವುದೂ ಇದೆ. ಗ್ರಾಂಟ್ ದುಡ್ಡು ತಡವಾದ ವರ್ಷಗಳಲ್ಲಿ ಇದು ನಿಜವಾಗಿಯೂ ಕಷ್ಟ. ಆದರೆ 1:1000ದಂತೆ ಬಳಸಿದರೆ ಒಂದು ವಯಲ್ ಬಹಳ ದಿನ ಬರುತ್ತದೆ. ಬಳಸಿದ ದ್ರಾವಣವನ್ನು ಚೂರು ಸೋಡಿಯಂ ಅಜೈಡ್ ಹಾಕಿ 4 ಡಿಗ್ರಿಯಲ್ಲಿಟ್ಟು ಮತ್ತೆ ಬಳಸಬಹುದು. ಅಜೈಡ್ ವಿಷ, ಕೈಗವಸು ಹಾಕಿಕೊಳ್ಳಿ. ಅದು ಎಚ್‌ಆರ್‌ಪಿಯನ್ನೂ ಕೆಡಿಸುತ್ತದೆ, ಆದ್ದರಿಂದ ಸೆಕೆಂಡರಿಗೆ ಮಾತ್ರ ಹಾಕಬೇಡಿ.

ಸಾಗಣೆಯಲ್ಲಿ ಒಮ್ಮೆ ತೊಂದರೆ ಆಗಿತ್ತು. ಯಾರ ಮೂಲಕ ಅನ್ನುವುದು ಇಲ್ಲಿ ಬೇಡ. ಪಾರ್ಸೆಲ್ ಶನಿವಾರ, ಭಾನುವಾರ ಎಲ್ಲೋ ಗೋದಾಮಿನಲ್ಲಿ ಉಳಿದು, ಸೋಮವಾರ ನಮ್ಮ ಕೈಗೆ ಬಂದಾಗ ಐಸ್ ಪ್ಯಾಕ್‌ಗಳು ಪೂರ್ತಿ ಕರಗಿದ್ದವು. ಡಬ್ಬಿ ತೆರೆದಾಗ ಒಳಗೆ ಬೆಚ್ಚಗಿತ್ತು. ನಾನು ತಕ್ಷಣ ಫೋಟೊ ತೆಗೆದು ಕಳಿಸಿದೆ. ಆ ವಯಲ್ ಮತ್ತು ಉಳಿದಿದ್ದ ಹಳೆಯ ವಯಲ್ ಎರಡನ್ನೂ ಒಂದೇ ದಿನ ಆರು ಲೇನ್ ಪರೀಕ್ಷೆಗೆ ಹಾಕಿದೆ. ಎರಡೂ ಒಂದೇ ಥರ ಬಂದವು. ಈ ಕ್ಲೋನ್ ಅಷ್ಟು ಗಟ್ಟಿ ಅಂತ ಆವತ್ತು ಗೊತ್ತಾಯಿತು. ಆದರೂ ಗುರುವಾರದ ನಂತರ ಕಳಿಸಬೇಡಿ ಅಂತ ಆರ್ಡರ್‌ನಲ್ಲೇ ಬರೆಯುವುದನ್ನು ಅಂದಿನಿಂದ ರೂಢಿ ಮಾಡಿಕೊಂಡಿದ್ದೇವೆ. ಇಡುವ ಬಗೆ ಹೇಗೆ ಅಂತ ಡಬ್ಬಿಯ ಜೊತೆ ಬರುವ ಹಾಳೆ ನೋಡಿ. ಕೆಲವರ ದ್ರಾವಣ ಫ್ರೀಜ್ ಮಾಡುವ ಹಾಗಿಲ್ಲ, 4 ಡಿಗ್ರಿಯಲ್ಲೇ ಇರಬೇಕು.

ಮನುಷ್ಯರ ಕೋಶದಲ್ಲಿ ಪೂರ್ಣ ಉದ್ದದ ಪಿ53 ಇದೆಯಾ, ಏರಿದೆಯಾ ಅಂತ ನೋಡಲು ಡಿಓ-1ಗೆ ಐದಕ್ಕೆ ಐದು ಕೊಡುತ್ತೇನೆ. ಎಂಡಿಎಂ2 ಜೊತೆಗಿನ ನಂಟು ನೋಡುವವರಿಗೆ ಇದು ಬೇಡ. ಹೊಸದಾಗಿ ಶುರು ಮಾಡುವವರು ಚಿಕ್ಕ ವಯಲ್ ತೆಗೆದುಕೊಳ್ಳಿ, ಅದೇ ಆರ್ಡರ್‌ನಲ್ಲಿ ಪಿ21 ಆಂಟಿಬಾಡಿಯನ್ನೂ ಸೇರಿಸಿ. ಎರಡಕ್ಕೂ ದುಡ್ಡು ಸಾಲದಿದ್ದರೆ ಪಿ21 ಮಟ್ಟವನ್ನು ಆರ್‌ಎನ್‌ಎಯಲ್ಲಿ, ಅದರ ಪ್ರಮಾಣ ಅಳೆಯುವ ಕ್ಯೂಪಿಸಿಆರ್ ವಿಧಾನದಿಂದ ನೋಡಬಹುದು. ಅದಕ್ಕೆ ಬೇಕಾದ ಪ್ರೈಮರ್‌ಗೆ (ಡಿಎನ್‌ಎಯ ಪುಟ್ಟ ತುಂಡು) ಆಂಟಿಬಾಡಿಯಷ್ಟು ಖರ್ಚಿಲ್ಲ. ಪಿ53 ಇಲ್ಲದ ಕೋಶ ನಿಮ್ಮಲ್ಲಿ ಇಲ್ಲದಿದ್ದರೆ ಪಕ್ಕದ ಲ್ಯಾಬ್‌ನಲ್ಲಿ ಎಚ್1299 ಲೈಸೇಟ್ (ಕೋಶ ಒಡೆದು ತೆಗೆದ ದ್ರಾವಣ) ಕೇಳಿ, ಒಂದು ಪುಟ್ಟ ಟ್ಯೂಬ್‌ನಷ್ಟು ಇದ್ದರೆ ಹಲವು ಬ್ಲಾಟ್‌ಗೆ ಆಗುತ್ತದೆ. ಬೆಂಗಳೂರಿನಲ್ಲಿ ಇರುವವರು ನಮ್ಮಲ್ಲಿಗೆ ಬಂದರೆ ನಾನೇ ಕೊಡುತ್ತೇನೆ, ಐಸ್ ಡಬ್ಬಿ ಮಾತ್ರ ತನ್ನಿ.